ಶುಕ್ರವಾರದ ತನಕ ಕಾರ್ಟಿನಲ್ಲೇ ಇರಲಿ: ಸುಂಟಿಕೊಪ್ಪ ಹತ್ತಿರದ ಒಂದು ಮನೆಯ ವರ್ಷದ ಆರ್ಡರುಗಳು

ಫೆಬ್ರವರಿ ಕೊನೆಯ ವಾರ. ಆಳುಗಳು ಗೊಬ್ಬರದ ಗುಂಡಿಯ ಒಂದು ಮೂಲೆ ಅಗೆಯುತ್ತಿದ್ದಾಗ ಗುದ್ದಲಿಗೆ ಹಸಿರು ಬಣ್ಣದ ಏನೋ ಸಿಕ್ಕಿಕೊಂಡು ಮೇಲೆ ಬಂತು. ಭಾವ ಅದನ್ನು ಕೋಲಿನ ತುದಿಯಲ್ಲಿ ಎತ್ತಿ, ಜಾಡಿಸಿ, ಅಕ್ಕನ ಮುಂದೆ ಹಿಡಿದರು. ಕಸದ ಚೀಲ. ಅದರೊಳಗೆ ತುಂಬಿದ್ದ ತರಕಾರಿ ಸಿಪ್ಪೆ, ಕಾಫಿ ಚರಟ, ಅನ್ನದ ಮುಸುರೆ ಎಲ್ಲ ಕರಿಮಣ್ಣಾಗಿತ್ತು, ಚೀಲ ಮಾತ್ರ ಚೀಲವಾಗಿಯೇ ಇತ್ತು. ಕೊಳಾಯಿಗೆ ಹಿಡಿದರೆ ಎಲೆಯ ಚಿತ್ರವೂ ಕಾಣಿಸಿತು, ನೂರಕ್ಕೆ ನೂರು ಮಣ್ಣಿನಲ್ಲಿ ಕರಗುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದ ಸಾಲೂ ಓದಲು ಬರುತ್ತಿತ್ತು. ಹೂತದ್ದು ಜೂನ್‌ನಲ್ಲಿ. ಒಂದು ಇಡೀ ಮಳೆಗಾಲ, ಒಂದು ಚಳಿಗಾಲ ಅದರ ಮೇಲೆ ಹಾದುಹೋಗಿದ್ದವು.

"ತೊಳೆದು ಒಣಗಿಸಿಟ್ಟರೆ ಮುಂದಿನ ವರ್ಷಕ್ಕೂ ಆಗ್ತದೆ" ಅಂದರು ಭಾವ.

ಅಕ್ಕ ನಗಲಿಲ್ಲ. ಆ ಭಾನುವಾರ ನನಗೆ ಫೋನ್ ಮಾಡಿ, "ನೀನು ಮಕ್ಕಳಿಗೆ ಗ್ರಾಹಕ ಸಂರಕ್ಷಣೆ ಪಾಠ ಮಾಡ್ತೀಯಲ್ಲ, ಬಂದು ನನ್ನ ಲೆಕ್ಕ ನೋಡು ಮಾರಾಯ್ತಿ" ಅಂದಳು. ಕುಶಾಲನಗರದಲ್ಲಿ ನಾನು ಪಿಯುಸಿ ಮಕ್ಕಳಿಗೆ ವ್ಯವಹಾರ ಅಧ್ಯಯನ ಕಲಿಸುತ್ತೇನೆ. ಪಠ್ಯದಲ್ಲಿ ಗ್ರಾಹಕನ ಹಕ್ಕುಗಳು ಒಂದು ಪುಟದಲ್ಲಿ ಮುಗಿಯುತ್ತವೆ. ಅಕ್ಕನ ಮನೆಯ ಚಾವಡಿಯಲ್ಲಿ ಕುಳಿತು ಅವಳ ಮೊಬೈಲಿನ ಹಳೆಯ ಆರ್ಡರುಗಳನ್ನು ಒಂದೊಂದಾಗಿ ತೆರೆದು ನೋಡುವುದಕ್ಕೆ ನಮಗೆ ಎರಡು ಭಾನುವಾರ ಬೇಕಾದವು. ಈ ಬರಹಕ್ಕೆ ಆಧಾರ ಆ ಎರಡು ಭಾನುವಾರಗಳು. ಅಕ್ಕನ ಒಪ್ಪಿಗೆ ಇದೆ, ಹೆಸರು ಬೇಡ ಅಂದಿದ್ದಾಳೆ.

ಮನೆ, ಸಮಯ, ಸಿಗ್ನಲ್

ಮನೆ ಇರುವುದು ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೋಗುವ ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ. ಸಣ್ಣ ಕಾಫಿ ತೋಟ, ಹೋಂಸ್ಟೇಗೆಂದು ಎರಡು ಕೋಣೆ. ಅಕ್ಕ ಮಡಿಕೇರಿಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಬೆಳಿಗ್ಗೆ ಐದೂವರೆಗೆ ಎದ್ದರೆ ತಿಂಡಿ, ಇಬ್ಬರು ಮಕ್ಕಳ ಬುತ್ತಿ, ಅತಿಥಿಗಳಿದ್ದರೆ ಅವರ ಅಕ್ಕಿರೊಟ್ಟಿ, ಎಂಟೂಕಾಲಿಗೆ ಸ್ಕೂಟರ್. ಸಂಜೆ ಆರೂವರೆಗೆ ವಾಪಸು. ಎಲ್ಲರ ಊಟ ಮುಗಿದು ಅಡುಗೆಮನೆ ಒರೆಸಿದ ಮೇಲೆ, ರಾತ್ರಿ ಹತ್ತೂವರೆಗೆ ಅವಳು ಅಟ್ಟದ ಪಡುವಣ ಕಿಟಕಿಯ ಹತ್ತಿರ ನಿಲ್ಲುತ್ತಾಳೆ. ಆ ಮನೆಯಲ್ಲಿ ಇಂಟರ್ನೆಟ್ ಸರಿಯಾಗಿ ಬರುವುದು ಅಲ್ಲಿ ಮಾತ್ರ. ಅವಳ ಖರೀದಿಯೆಲ್ಲ ಆಗುವುದು ಆ ಕಿಟಕಿಯ ಪಕ್ಕ, ನಿಂತೇ, ಕಣ್ಣು ಎಳೆಯುತ್ತಿರುವಾಗ. ಮುಂದೆ ಆದ ಎಡವಟ್ಟುಗಳಲ್ಲಿ ಅರ್ಧಕ್ಕೆ ಕಾರಣ ಈ ಹತ್ತೂವರೆ ಗಂಟೆ ಎಂದು ನನ್ನ ಅಂದಾಜು.

ಶುರುವಾದದ್ದು ಹಿಂದಿನ ಏಪ್ರಿಲ್‌ನಲ್ಲಿ. ಕಾಫಿ ಹೂ ಅರಳಿಸುವ ಹೂಮಳೆ ಜೋರಾಗಿ ಬಂದ ದಿನ ತೋಟದ ತೋಡಿಗೆ ಹಾಕಿದ ಮೋರಿ ಕಟ್ಟಿಕೊಂಡು ನೀರು ದಾರಿಗೆ ಹರಿಯಿತು. ಭಾವ ಕೈ ಹಾಕಿ ಎಳೆದರೆ ಬಂದದ್ದು ಶಾಂಪೂ ಸ್ಯಾಶೆ, ನೀರಿನ ಬಾಟಲಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನ ತುಂಡು. ಕೆಲವು ಅತಿಥಿಗಳದ್ದು, ಕೆಲವು ತೋಟದ ಆಳುಗಳ ಲೈನ್ ಮನೆಗಳಿಂದ ಬಂದದ್ದು, ಕೆಲವು ನೇರ ನಮ್ಮ ಬಚ್ಚಲಿನದ್ದೇ. ಆ ತೋಡಿನ ನೀರು ಹಾರಂಗಿಗೆ ಹೋಗುತ್ತದೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತೀರ್ಥ ತಂದು ದೇವರ ಕೋಣೆಯಲ್ಲಿಡುವ ಮನೆಯದು. ಅಕ್ಕನಿಗೆ ನಾಚಿಕೆಯಾಯಿತು. ಅದೇ ರಾತ್ರಿ ಕಿಟಕಿಯ ಹತ್ತಿರ ನಿಂತು ಹನ್ನೊಂದು ಸಾಮಾನು ಆರ್ಡರ್ ಮಾಡಿದಳು.

ಬಿದಿರಿನ ಹಲ್ಲುಜ್ಜುವ ಬ್ರಷ್ಷು ನಾಲ್ಕರ ಕಟ್ಟು. ಕರಗುವ ಕಸದ ಚೀಲ. ಒಣಗಿಸಿದ ತುಪ್ಪಹೀರೆಯ ನಾರು. ಶಾಂಪೂ ಸೋಪು. ಮರದ ಹಿಡಿಯ ಪಾತ್ರೆ ಬ್ರಷ್ಷು. ತರಕಾರಿ ತರಲು ಬಲೆಯಂಥ ಹತ್ತಿ ಚೀಲ. ಪಾತ್ರೆ ತೊಳೆಯಲು ಅಂಟುವಾಳದ ಪುಡಿ. ಗಾಜಿನ ಸ್ಪ್ರೇ ಬಾಟಲಿ. ಪ್ಯಾಡಿನ ಬದಲು ಬಳಸುವ ಮುಟ್ಟಿನ ಕಪ್ಪು. ಚಾರ್ಜ್ ಮಾಡುವ ಟಾರ್ಚ್ ಸೆಲ್ಲು. ಅತಿಥಿಗಳ ಕೋಣೆಗೆ ನಲ್ಲಿ ಇರುವ ಸ್ಟೀಲ್ ನೀರಿನ ಡಬ್ಬ.

ಒಂದೇ ಕಾರ್ಟ್, ಒಂದೇ ಪಾವತಿ. ಬಂದದ್ದು ಮಾತ್ರ ಆರು ಪೆಟ್ಟಿಗೆಯಲ್ಲಿ, ಆರು ಬೇರೆ ಬೇರೆ ದಿನ. ಆಪ್ ಒಂದೇ ಆದರೂ ಅದರೊಳಗಿನ ಮಾರಾಟಗಾರರು ಆರು ಜನ. ಕೊಡಗಿಗೆ ರೈಲು ಇಲ್ಲ, ಎಲ್ಲವೂ ರಸ್ತೆಯಲ್ಲೇ ಬರಬೇಕು. ಕೊರಿಯರ್ ಹುಡುಗ ತೋಟದೊಳಗೆ ಬರುವುದಿಲ್ಲ, ಮುಖ್ಯರಸ್ತೆಯ ದಿನಸಿ ಅಂಗಡಿಯಲ್ಲಿ ಕೊಟ್ಟು ಫೋನ್ ಮಾಡಿ ಹೋಗುತ್ತಾನೆ. ಹಾಗಾಗಿ ಆರು ಸಲ ಭಾವ ಜೀಪ್ ತೆಗೆದರು. ಒಂದು ಸಲವಂತೂ ಬಂದದ್ದು ಹಲ್ಲುಜ್ಜುವ ಬ್ರಷ್ಷು ಮಾತ್ರ: ಅಂಗೈಯಗಲದ ಸಾಮಾನು, ಅದರ ಸುತ್ತ ಗುಳ್ಳೆ ಪ್ಲಾಸ್ಟಿಕ್, ಅದರ ಸುತ್ತ ಶೂ ಹಿಡಿಸುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ, ಅದರ ಮೇಲೆ ನಾಲ್ಕು ಸುತ್ತು ಪ್ಲಾಸ್ಟಿಕ್ ಟೇಪು. ಜೀಪು ಹೋಗಿಬರಲು ಆರು ಕಿಲೋಮೀಟರ್. ಪ್ಲಾಸ್ಟಿಕ್ ಉಳಿಸಲು ಸುಟ್ಟ ಡೀಸೆಲ್ಲನ್ನು ಯಾವ ಖಾತೆಗೆ ಬರೆಯುವುದು ಎಂದು ಅಕ್ಕನೇ ಕೇಳಿದಳು, ಅವಳ ಕಸುಬೇ ಅದು.

ಮಳೆಗಾಲದ ಪರೀಕ್ಷೆ

ಈ ಭಾಗವನ್ನು ಸ್ವಲ್ಪ ಹೆಚ್ಚೇ ಬರೆಯುತ್ತೇನೆ. ಇಂಥ ಸಾಮಾನುಗಳ ಬಗ್ಗೆ ಸಲಹೆ ಕೊಡುವವರು ಹೆಚ್ಚಿನವರು ಒಣ ಊರಿನವರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಯೊಳಗೆ ಏನಾಗುತ್ತದೆ ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೆ ಬೂಷ್ಟು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ, ಹೊಗೆಯ ವಾಸನೆಯ ಸಮೇತ. ಅಂಥ ಮನೆಗೆ ಬಿದಿರು, ಹಸಿ ಮರ, ಹತ್ತಿ, ನಾರು ತಂದಿಟ್ಟರೆ?

ಜುಲೈ ಎರಡನೇ ವಾರ ಬಿದಿರಿನ ಬ್ರಷ್ಷುಗಳ ಬುಡ ಕಪ್ಪಾಯಿತು. ಮೊದಲು ಸಣ್ಣ ಸಣ್ಣ ಚುಕ್ಕಿ, ಆಮೇಲೆ ಲೋಟದ ತಳ ತಾಗುವ ಕಡೆ ಒಂದು ಬೆರಳಗಲದ ಕಪ್ಪು ಪಟ್ಟಿ. ಸಣ್ಣ ಮಗ ಬಾಯಿಗೆ ಹಾಕಲು ಒಪ್ಪದೆ ಹಳೇ ಪ್ಲಾಸ್ಟಿಕ್ ಬ್ರಷ್ಷನ್ನೇ ಹುಡುಕಿ ತೆಗೆದ. ಮರದ ಹಿಡಿಯ ಪಾತ್ರೆ ಬ್ರಷ್ಷು ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಮುಗಿಯುವ ಮೊದಲೇ ಬಿರುಕು ಬಿಟ್ಟಿತು. ಶಾಂಪೂ ಸೋಪು ಗಾಳಿಯ ತೇವಕ್ಕೇ ಲೋಳೆಯಾಗಿ ತಟ್ಟೆಗೆ ಅಂಟಿತು. ಅಂಟುವಾಳದ ಪುಡಿ ಗಟ್ಟಿಯಾಗಿ ಡಬ್ಬದಲ್ಲಿ ಕಲ್ಲಾಯಿತು, ಚಮಚ ಬಾಗಿತು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಇವೆಲ್ಲ ಚೆನ್ನಾಗಿಯೇ ನಡೆಯುತ್ತವೆ. ಆಪಿನಲ್ಲಿದ್ದ ನಾಲ್ಕೂವರೆ ನಕ್ಷತ್ರ ಸುಳ್ಳಲ್ಲ, ಆ ನಕ್ಷತ್ರ ಕೊಟ್ಟವರ ಮನೆಯಲ್ಲಿ ಬಿಸಿಲು ಬೀಳುತ್ತಿತ್ತು, ಅಷ್ಟೇ. ಈಗ ಅಕ್ಕ ಒಂದು ನಕ್ಷತ್ರದ ವಿಮರ್ಶೆಗಳನ್ನು ಮೊದಲು ಓದುತ್ತಾಳೆ. ಅವುಗಳಲ್ಲಿ ಫಂಗಸ್, ಬೂಷ್ಟು ಎಂಬ ಮಾತು ಇದೆಯೇ, ಬರೆದವರು ಕರಾವಳಿಯವರೋ ಕೇರಳದವರೋ ಎಂದು ನೋಡುತ್ತಾಳೆ. ಮಂಗಳೂರಿನವರು ಬೈದಿದ್ದರೆ ತೆಗೆದುಕೊಳ್ಳುವುದಿಲ್ಲ. ಎರಡು ನಿಮಿಷದ ಕೆಲಸ, ಹತ್ತೂವರೆ ಗಂಟೆಗೂ ಆಗುತ್ತದೆ.

ಬ್ರಷ್ಷಿನ ಸಮಸ್ಯೆ ಬಿಡಿಸಿದ್ದು ಅಕ್ಕನ ಅತ್ತೆ. "ಅದನ್ನು ನೀರಿನ ಲೋಟದಲ್ಲಿ ಯಾಕೆ ನಿಲ್ಲಿಸ್ತೀರಿ? ಸೌಟು ನೇತು ಹಾಕಿದ ಹಾಗೆ ನೇತು ಹಾಕಿ" ಅಂದರು. ಬಚ್ಚಲ ಒಲೆಯ ಗೋಡೆಗೆ ಒಂದು ಮೊಳೆಸಾಲು ಹೊಡೆಸಿದರು. ಒಲೆಯ ಬೆಚ್ಚಗೆ ತಾಗಿದ ಮೇಲೆ ಹೊಸ ಬ್ರಷ್ಷುಗಳು ಕಪ್ಪಾಗಲಿಲ್ಲ. ಶಾಂಪೂ ಸೋಪಿಗೂ ಅದೇ ಗೋಡೆಯ ಗೂಡು ಸಿಕ್ಕಿತು. ಆದರೂ ಬಿದಿರಿನ ಬ್ರಷ್ಷಿನಲ್ಲಿ ಬಿದಿರು ಇರುವುದು ಹಿಡಿಯಲ್ಲಿ, ಹಲ್ಲಿಗೆ ತಾಗುವ ಎಳೆಗಳು ಸಾಮಾನ್ಯವಾಗಿ ನೈಲಾನಿನವೇ. ಪೆಟ್ಟಿಗೆಯ ಹಿಂದೆ ಸಣ್ಣಕ್ಷರದಲ್ಲಿ ಅದು ಬರೆದೂ ಇತ್ತು. ಗುಂಡಿಗೆ ಹಾಕುವ ಮೊದಲು ಇಕ್ಕಳದಿಂದ ಎಳೆಗಳನ್ನು ಕಿತ್ತು ತೆಗೆಯಬೇಕು. ನಾನು ಒಂದನ್ನು ಕಿತ್ತು ನೋಡಿದೆ, ಹತ್ತು ನಿಮಿಷ ಹಿಡಿಯಿತು, ಎರಡು ಎಳೆ ಉಗುರಿನ ಸಂದಿಗೆ ಚುಚ್ಚಿದವು. ಇಷ್ಟು ಜನರ ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಇದನ್ನು ಕೂತು ಮಾಡುವವರು ಯಾರು?

ಕರಗದ ಚೀಲ

ಮತ್ತೆ ಆ ಹಸಿರು ಚೀಲಕ್ಕೆ ಬರೋಣ. ತೊಳೆದ ತುಂಡು ನನ್ನ ಮೇಜಿನ ಮೇಲಿದೆ, ಮಕ್ಕಳಿಗೆ ತೋರಿಸಲು ತಂದಿದ್ದೇನೆ.

ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎನ್ನಲು ನಮ್ಮ ದೇಶದಲ್ಲಿ ಒಂದು ಮಾನದಂಡ ಇದೆ: ಐಎಸ್/ಐಎಸ್‌ಒ 17088. ಅಂಥದ್ದನ್ನು ತಯಾರಿಸುವವರು, ಮಾರುವವರು ಮೊದಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಪ್ರಮಾಣಪತ್ರ ಪಡೆಯಬೇಕು. ಅಕ್ಕನ ಚೀಲದ ಸುರುಳಿಯ ಮೇಲೆ ಆ ಸಂಖ್ಯೆಯೂ ಇರಲಿಲ್ಲ, ಪ್ರಮಾಣಪತ್ರದ ಉಲ್ಲೇಖವೂ ಇರಲಿಲ್ಲ. ಇದ್ದದ್ದು ಎಲೆಯ ಚಿತ್ರ, ಭೂಮಿಯ ಚಿತ್ರ, ಪುಟ್ಟ ಮಗುವಿನ ಕೈ. ಸಾದಾ ಪ್ಲಾಸ್ಟಿಕ್ಕಿಗೆ ಏನೋ ಬೆರೆಸಿ ಹಸಿರು ಬಣ್ಣ ಹಾಕಿದ ಮಾಲಿರಬಹುದು. ಅಂಥದ್ದು ವರ್ಷಗಟ್ಟಲೆ ಬಿಟ್ಟರೆ ಪುಡಿ ಪುಡಿಯಾಗುತ್ತದೆ, ಮಣ್ಣಾಗುವುದಿಲ್ಲ.

ಆದರೆ ಸರಿಯಾದ ಚೀಲ ತಂದಿದ್ದರೂ ಗುಂಡಿಯಲ್ಲಿ ಇದೇ ಗತಿಯಾಗುತ್ತಿತ್ತೇನೋ. ಕಾಂಪೋಸ್ಟ್ ಪ್ಲಾಸ್ಟಿಕ್ಕಿನ ಪರೀಕ್ಷೆ ನಡೆಯುವುದು ಸುಮಾರು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ಆ ಬಿಸಿಯಲ್ಲಿ 12 ವಾರದೊಳಗೆ ಚೂರಾಗಿ 2 ಮಿಲಿಮೀಟರ್ ಜರಡಿಯಲ್ಲಿ ಹೆಚ್ಚುಕಡಿಮೆ ಪೂರ್ತಿ ಇಳಿಯಬೇಕು, 180 ದಿನದೊಳಗೆ ಅದರ ಇಂಗಾಲದ ನೂರಕ್ಕೆ 90 ಭಾಗ ಗಾಳಿಗೆ ಸೇರಬೇಕು. ಇದು ಪಟ್ಟಣಗಳ ದೊಡ್ಡ ಕಾಂಪೋಸ್ಟ್ ಘಟಕಗಳ ಶಾಖ. ಸಿಲ್ವರ್ ಓಕ್ ನೆರಳಲ್ಲಿ, ಮೂರು ತಿಂಗಳು ನೀರು ನಿಂತು ತಣ್ಣಗೆ ಕೊಳೆಯುವ ನಮ್ಮ ಗೊಬ್ಬರ ಗುಂಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ತೋಟ ಇರುವ ಮನೆಗೆ ಕಸದ ಚೀಲವೇ ಬೇಕಿರಲಿಲ್ಲ. ಮುಸುರೆ ಬಕೆಟನ್ನು ಗುಂಡಿಗೆ ಬೋರಲು ಹಾಕಿ, ತೊಳೆದು ತಂದರೆ ಮುಗಿಯಿತು. ಅತ್ತೆ ನಲವತ್ತು ವರ್ಷದಿಂದ ಮಾಡುತ್ತಿದ್ದದ್ದು ಅದನ್ನೇ. ಚೀಲ ಬಂದ ಮೇಲೆ ಅವರಿಂದ ಆ ಕೆಲಸ ತಪ್ಪಿಸಿ, ಚೀಲ ಕಟ್ಟಿ ಎಸೆಯಲು ಕಲಿಸಿದವಳು ಅಕ್ಕ. ಇದನ್ನು ಅವಳೇ ಹೇಳಿ, ಬರಿ ಅಂದಳು.

ಹಸಿರು ಎಂಬ ಹೆಸರಿನಲ್ಲಿ ಬೆಲೆ ಹೆಚ್ಚಿಸುವ ಇಂಥ ಮಾತುಗಳ ಮೇಲೆ ಈಗ ನಿಯಮ ಬಂದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್ 15ರಂದು ಗ್ರೀನ್‌ವಾಶಿಂಗ್, ಅಂದರೆ ಪರಿಸರಕ್ಕೆ ಒಳ್ಳೆಯದೆಂದು ಸುಳ್ಳು ಹೇಳಿ ಮಾರುವುದನ್ನು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಹಸಿರು, ಪರಿಸರಸ್ನೇಹಿ, ಸ್ವಚ್ಛ ಎಂಬಂಥ ಬರೀ ಮಾತು ಸಾಲದು. ಯಾವುದು ಹೇಗೆ ಪರಿಸರಕ್ಕೆ ಒಳ್ಳೆಯದು ಎಂದು ವಿವರಿಸಬೇಕು, ಪುರಾವೆ ಇರಬೇಕು. ಸಾಮಾನಿನ ಬಗ್ಗೆಯೋ ಅದರ ಪೊಟ್ಟಣದ ಬಗ್ಗೆಯೋ ಎಂದು ಬಿಡಿಸಿ ಹೇಳಬೇಕು. ಸರ್ಕಾರದ್ದೇ ಆದ ಇಕೋಮಾರ್ಕ್ ಗುರುತು 1991ರಿಂದಲೂ ಇದೆ, ಮಣ್ಣಿನ ಮಡಕೆಯ ಚಿತ್ರ. 2024ರಲ್ಲಿ ಅದರ ನಿಯಮಗಳನ್ನು ಹೊಸದಾಗಿ ಬರೆದಿದ್ದಾರೆ. ಅಕ್ಕ ವರ್ಷವಿಡೀ ತರಿಸಿದ ಸಾಮಾನುಗಳ ಪೊಟ್ಟಣ, ಫೋಟೊ ಎಲ್ಲ ಹರಡಿಕೊಂಡು ನಾವು ಆ ಮಡಕೆಯನ್ನು ಹುಡುಕಿದೆವು. ಒಂದರ ಮೇಲೂ ಇರಲಿಲ್ಲ. ಎಲೆಗಳು ಮಾತ್ರ ಲೆಕ್ಕವಿಲ್ಲದಷ್ಟು.

ಅವತ್ತಿನಿಂದ ನಾವಿಬ್ಬರೂ ಪಾಲಿಸುವುದು ಒಂದೇ ಪದ್ಧತಿ: ಸಾಮಾನಿನ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗದ ಚಿತ್ರವನ್ನು ದೊಡ್ಡದು ಮಾಡಿ ನೋಡುವುದು. ಹಿಂಭಾಗದಲ್ಲಿ ಸಂಖ್ಯೆ ಇರುತ್ತದೆ, ತಯಾರಕರ ವಿಳಾಸ ಇರುತ್ತದೆ, ಏನು ಬೆರೆಸಿದ್ದಾರೆ ಎಂದು ಇರುತ್ತದೆ. ಸಾವಯವ ಆಹಾರವಾದರೆ ಸರ್ಕಾರದ ಸಾವಯವ ಗುರುತು, ಸಾವಯವ ಬಟ್ಟೆಯಾದರೆ ಅದಕ್ಕೆ ಕೊಡುವ ಗಾಟ್ಸ್ ಪ್ರಮಾಣಪತ್ರದ ಸಂಖ್ಯೆ. ಹಿಂಭಾಗದ ಫೋಟೊವನ್ನೇ ಹಾಕದ ಮಾರಾಟಗಾರನ ಸಾಮಾನು ಬೇಡ. ಬಿದಿರಿನ ಬಟ್ಟೆ ಎಂದು ಮಾರುವ ಮೆತ್ತನೆಯ ಟವೆಲ್‌ನ ಹಿಂಭಾಗ ನೋಡಿದರೆ ವಿಸ್ಕೋಸ್ ಎಂದಿರುತ್ತದೆ: ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ರೇಯಾನ್ ಅದು. ಅಕ್ಕ ಅದನ್ನು ಕಾರ್ಟಿನಿಂದ ತೆಗೆದದ್ದು ಹಾಗೆ.

ದೂರು

ಗಾಜಿನ ಸ್ಪ್ರೇ ಬಾಟಲಿ ಒಡೆದೇ ಬಂದಿತ್ತು. ಪೆಟ್ಟಿಗೆ ಅಲ್ಲಾಡಿಸಿದರೆ ಬಳೆ ಸದ್ದು. ಮಾರಾಟಗಾರ "ಗಾಜಿನ ಸಾಮಾನಿಗೆ ವಾಪಸಾತಿ ಇಲ್ಲ" ಎಂದು ಒಂದೇ ಸಾಲಿನ ಉತ್ತರ ಕಳಿಸಿದ. ಅಕ್ಕ ಬಿಟ್ಟುಬಿಡುತ್ತಿದ್ದಳು, ಮುನ್ನೂರು ಚಿಲ್ಲರೆ ರೂಪಾಯಿಗೆ ರಗಳೆ ಯಾಕೆಂದು. ನಾನು ಬಿಡಲಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಒಡೆದ, ದೋಷವಿರುವ, ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ಸಾಮಾನನ್ನು ವಾಪಸು ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಪ್ರತಿ ಆಪಿನಲ್ಲೂ ದೂರು ಅಧಿಕಾರಿಯ ಹೆಸರು, ಸಂಪರ್ಕ ಇರಲೇಬೇಕು. 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ಮೂರು ವಿಷಯವನ್ನು ಮೂರು ಸಾಲಿನಲ್ಲಿ ಬರೆದು, ಒಡೆದ ಬಾಟಲಿಯ ಎರಡು ಫೋಟೊ ಸೇರಿಸಿ ಕಳಿಸಿದೆವು. ಮೂರನೇ ವಾರ ದುಡ್ಡು ವಾಪಸು ಬಂತು.

ಹಸಿರು ಚೀಲದ ವಿಷಯದಲ್ಲಿ ಅಷ್ಟು ಅದೃಷ್ಟ ಇರಲಿಲ್ಲ. ಮೋಸ ಗೊತ್ತಾಗಲು ಎಂಟು ತಿಂಗಳು ಹಿಡಿಯುವ ಸಾಮಾನು ಅದು, ವಾಪಸಾತಿಯ ಅವಧಿ ಹತ್ತು ದಿನ! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ, ಕನ್ನಡದಲ್ಲೇ ಮಾತಾಡಿದೆ. ಅಷ್ಟರಲ್ಲಿ ಆ ಮಾರಾಟಗಾರನ ಪುಟವೇ ಆಪಿನಿಂದ ಮಾಯವಾಗಿತ್ತು. ಬೇಕಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವೂ ಇಲ್ಲ. ಅಕ್ಕ ಬೇಡ ಅಂದಳು. "ನಾನು ಕೋರ್ಟಿಗೆ ಅಂತ ರಜೆ ಹಾಕಿದರೆ ನಮ್ಮ ಕಚೇರಿಯಲ್ಲಿ ಕಾರಣ ಏನು ಬರೆಯಲಿ? ಕಸದ ಚೀಲ ಅಂತಲಾ?"

ಉಳಿದುಕೊಂಡವು

ಹನ್ನೊಂದರಲ್ಲಿ ಮೂರು ಸಾಮಾನು ಇವತ್ತಿಗೂ ದಿನಾ ಕೆಲಸ ಮಾಡುತ್ತಿವೆ. ವಿಶೇಷವೆಂದರೆ ಆ ಮೂರರ ಮೇಲೂ ಎಲೆಯ ಚಿತ್ರ ಇರಲಿಲ್ಲ.

ಮೊದಲನೆಯದು ಚಾರ್ಜ್ ಮಾಡುವ ಸೆಲ್ಲು. ಆನೆ ಬರುವ ಕಡೆ ಟಾರ್ಚ್ ಇಲ್ಲದೆ ಯಾರೂ ರಾತ್ರಿ ಅಂಗಳಕ್ಕೂ ಇಳಿಯುವುದಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡು ದಿನ, ಮೂರು ದಿನ. ಆ ಮನೆಯಲ್ಲಿ ತಿಂಗಳಿಗೆ ಆರೆಂಟು ಸೆಲ್ಲು ಖರ್ಚಾಗುತ್ತಿತ್ತು, ಖಾಲಿಯಾದವು ನೇರ ಹಿತ್ತಲಿಗೆ. ಈಗ ಎಂಟು ಎಎ ಸೆಲ್ಲು, ಒಂದು ಚಾರ್ಜರ್. ನಾಲ್ಕು ಟಾರ್ಚಿನಲ್ಲಿ, ನಾಲ್ಕು ಚಾರ್ಜಾಗಿ ಕಪಾಟಿನಲ್ಲಿ. 1.5 ವೋಲ್ಟ್ ಬದಲು ಇವು 1.2 ವೋಲ್ಟ್, ಆದರೂ ಎಲ್‌ಇಡಿ ಟಾರ್ಚಿಗೆ ಸಾಕು. ಡಿಸೆಂಬರ್ ಹೊತ್ತಿಗೆ ಹಾಕಿದ ದುಡ್ಡು ವಾಪಸು ಬಂದಿದೆ ಎಂದು ಅಕ್ಕ ಲೆಕ್ಕ ತೋರಿಸಿದಳು. ಕಾಡುಪ್ರಾಣಿ ಬರದಂತೆ ತೋಟ ಕಾಯಲು ಹೋಗುವ ಭಾವನೇ ಈಗ ಸಂಜೆ ನೆನಪಿನಿಂದ ಚಾರ್ಜಿಗೆ ಹಾಕುತ್ತಾರೆ.

ಎರಡನೆಯದು ನಲ್ಲಿಯ ಸ್ಟೀಲ್ ಡಬ್ಬ. ಆ ರಾತ್ರಿಯ ಬಿಲ್ಲಿನಲ್ಲಿ ಅತಿ ದುಬಾರಿ ಸಾಮಾನು ಅದೇ. ಕುದಿಸಿ ಆರಿಸಿದ ಹತ್ತು ಲೀಟರ್ ನೀರು, ಎರಡು ಸ್ಟೀಲ್ ಲೋಟ. ಮೊದಮೊದಲು ಅತಿಥಿಗಳು ಬಾಟಲಿ ನೀರೇ ಕೇಳುತ್ತಿದ್ದರು. ನೀರಿನಲ್ಲಿ ಒಂದು ಹಿಡಿ ರಾಮಚ್ಚ (ಲಾವಂಚ) ಬೇರು ಹಾಕಿದ ಮೇಲೆ ಕೇಳುವುದು ಕಡಿಮೆಯಾಯಿತು. ತೋಡಿನಲ್ಲಿ ಸಿಕ್ಕ ಬಾಟಲಿಗಳಿಗೆ ಮದ್ದು ಇದೊಂದೇ ಆಗಿತ್ತು, ಬಿದಿರಿನ ಬ್ರಷ್ಷು ಅಲ್ಲ.

ಮೂರನೆಯದು ಮುಟ್ಟಿನ ಕಪ್ಪು. ಇದನ್ನು ಬರೆಯಬೇಕೋ ಬೇಡವೋ ಎಂದು ಅಕ್ಕ ಸ್ವಲ್ಪ ಯೋಚಿಸಿದಳು, ಆಮೇಲೆ ಬರಿ ಅಂದಳು. ತೋಟದ ಮನೆಗಳಲ್ಲಿ ಪ್ಯಾಡುಗಳು ಕೊನೆಗೆ ಸೇರುವುದು ಬಚ್ಚಲ ಒಲೆಗೆ, ಪ್ಲಾಸ್ಟಿಕ್ ಸುಟ್ಟ ವಾಸನೆ ಸ್ನಾನದ ನೀರಿನವರೆಗೂ ಬರುತ್ತದೆ. ಸಿಲಿಕೋನಿನ ಒಂದು ಕಪ್ಪನ್ನು ಚೆನ್ನಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಬಳಸಬಹುದು. ಎಲ್ಲರೂ ಗುರುತಿರುವ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೌಂಟರಿನ ಮುಂದೆ ನಿಂತು ಅಳತೆ ಕೇಳುವ ಧೈರ್ಯ ಅವಳಿಗೂ ಇರಲಿಲ್ಲ, ಮಗಳಿಗೂ ಇರಲಿಲ್ಲ. ಆನ್‌ಲೈನ್ ಅಂಗಡಿ ನಿಜವಾಗಿ ಉಪಕಾರ ಮಾಡಿದ್ದು ಇಲ್ಲಿ ಎಂದು ನನಗನ್ನಿಸುತ್ತದೆ. ಮಗಳಿಗೆ ಎರಡನೆಯದನ್ನು ಅಕ್ಟೋಬರ್‌ನಲ್ಲಿ ತರಿಸಿದರು.

ಇನ್ನು ತುಪ್ಪಹೀರೆಯ ನಾರಿನ ಕಥೆ. 249 ರೂಪಾಯಿಗೆ ಮೂರು ತುಂಡು, ಕಾಗದದ ಪಟ್ಟಿ ಸುತ್ತಿ ಚಂದವಾಗಿ ಬಂದಿದ್ದವು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಒತ್ತಿ, ಮೂಸಿ, "ಇದು ನಮ್ಮ ಹಂದಿಗೂಡಿನ ಹಿಂದಿನ ಬೇಲಿಯಲ್ಲಿ ಒಣಗಿ ನೇತಾಡ್ತಿದೆಯಲ್ಲ" ಅಂದರು. ಹೋಗಿ ನೋಡಿದರೆ ಏಳು ಕಾಯಿ. ಸಿಪ್ಪೆ ಕೆರೆದು, ಬೀಜ ಉದುರಿಸಿ, ಒಂದನ್ನು ಅವತ್ತೇ ಪಾತ್ರೆಗೆ ಹಾಕಿದರು.

ಆ 249 ರೂಪಾಯಿಯಿಂದ ಹುಟ್ಟಿದ್ದೇ ಶುಕ್ರವಾರದ ನಿಯಮ. ಏನೇ ಬೇಕೆನಿಸಿದರೂ ರಾತ್ರಿ ಕಾರ್ಟಿಗೆ ಹಾಕಬಹುದು, ದುಡ್ಡು ಕಟ್ಟುವಂತಿಲ್ಲ. ಶುಕ್ರವಾರ ಮಡಿಕೇರಿ ಸಂತೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಕ್ಕ ಒಂದು ಸುತ್ತು ಹಾಕುತ್ತಾಳೆ. ಸೀಗೆ, ಅಂಟುವಾಳ, ತೆಂಗಿನ ನಾರು, ಹಿಡಿಸೂಡಿ, ಮಣ್ಣಿನ ಮಡಕೆ, ಅಡಿಕೆ ಹಾಳೆ ತಟ್ಟೆ, ಹತ್ತಿ ಬಟ್ಟೆಯ ತುಂಡು ಅಲ್ಲಿ ಸಿಕ್ಕರೆ ರಾತ್ರಿ ಕಾರ್ಟಿನಿಂದ ಅಳಿಸುತ್ತಾಳೆ. ಸಿಗದೆ ಉಳಿದದ್ದನ್ನು ತಿಂಗಳ ಕೊನೆಯ ಶುಕ್ರವಾರ ಒಂದೇ ಸಲ, ಆದಷ್ಟು ಒಬ್ಬನೇ ಮಾರಾಟಗಾರನಿಂದ, ಬೇಗ ಬೇಡ ನಿಧಾನ ಬಂದರೆ ಸಾಕು ಎಂದು ಗುರುತು ಹಾಕಿ ತರಿಸುತ್ತಾಳೆ. ಪೆಟ್ಟಿಗೆಯನ್ನು ಅಂಗಡಿಯಿಂದ ತರುವುದು ಅವಳ ಸ್ಕೂಟರ್, ಮನೆಗೆ ಬರುವ ದಾರಿಯಲ್ಲೇ. ಜೀಪು ತೆಗೆಯಬೇಕಿಲ್ಲ.

ನಿಯಮಕ್ಕೆ ಮೊದಲಿನ ಐದು ತಿಂಗಳಲ್ಲಿ ಹನ್ನೆರಡು ಆರ್ಡರ್ ಇದ್ದವು, ಆಮೇಲಿನ ಏಳು ತಿಂಗಳಲ್ಲಿ ಐದು. ಕಾರ್ಟಿಗೆ ಬಿದ್ದ ಅರ್ಧಕ್ಕರ್ಧ ಸಾಮಾನು ಶುಕ್ರವಾರ ಬರುವಷ್ಟರಲ್ಲಿ ಬೇಡವೇ ಆಗಿರುತ್ತದೆ ಅನ್ನುತ್ತಾಳೆ. ಹತ್ತೂವರೆ ಗಂಟೆಯ ಆಸೆಗೆ ಶುಕ್ರವಾರ ಮಧ್ಯಾಹ್ನದ ಹಸಿವು ಮದ್ದು. ಬಿಡುವಿಲ್ಲದವರಿಗೆ ಇನ್ನಷ್ಟು ಮಾಹಿತಿ ಕೊಡುವುದು ಹೊರೆ. ತೀರ್ಮಾನಗಳನ್ನು ಕಡಿಮೆ ಮಾಡಿಕೊಟ್ಟರೆ ಅವರು ಸರಿಯಾಗಿಯೇ ಆರಿಸುತ್ತಾರೆ ಎಂಬುದು ಈ ಎರಡು ಭಾನುವಾರಗಳಲ್ಲಿ ನನಗೆ ಕಂಡದ್ದು.

ಬಾಗಿಲ ಹಿಂದಿನ ಚೀಲಗಳನ್ನೂ ಎಣಿಸಿದೆವು. ಆರ್ಡರಿನ ಜತೆ ಉಚಿತವಾಗಿ ಬಂದವು, ಮದುವೆಯಲ್ಲಿ ಕೊಟ್ಟವು, ಕೊಂಡವು ಸೇರಿ ಹನ್ನೊಂದು ಹತ್ತಿ ಚೀಲ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಲೆಕ್ಕದಲ್ಲಿ, ಹವಾಮಾನದ ಮೇಲಾಗುವ ಪರಿಣಾಮ ಒಂದನ್ನೇ ಹಿಡಿದರೂ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಅಲ್ಲಿನ ಅಂಗಡಿಗಳ ಪ್ಲಾಸ್ಟಿಕ್ ಚೀಲಕ್ಕೆ ಸಮ, ಸಾವಯವ ಹತ್ತಿಯದ್ದಾದರೆ 149 ಸಲ. ನೀರು, ಓಜೋನ್ ಎಲ್ಲ ಸೇರಿಸಿದರೆ ಆ ಸಂಖ್ಯೆ ಸಾವಿರಗಳಿಗೆ ಹೋಗುತ್ತದೆ. ಅಲ್ಲಿನ ಚೀಲ, ಅಲ್ಲಿನ ಕಸದ ವ್ಯವಸ್ಥೆಗೆ ಕಟ್ಟಿದ ಲೆಕ್ಕ ಅದು, ನಮ್ಮ ತೋಡಿನಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ಕಿನ ಲೆಕ್ಕ ಅದರಲ್ಲಿಲ್ಲ. ಆದರೂ ಅಕ್ಕ ಎರಡು ಚೀಲ ಇಟ್ಟುಕೊಂಡು ಒಂಬತ್ತನ್ನು ಲೈನ್ ಮನೆಯ ಹೆಂಗಸರಿಗೆ ಕೊಟ್ಟಳು. ಮಾರನೇ ವಾರ ಸಂತೆಯಲ್ಲಿ ಅವು ಅವಳಿಗೆ ಎದುರಾದವು, ಒಂದರಲ್ಲಿ ಒಣಮೀನು.

ಎರಡನೇ ಭಾನುವಾರ ಸಂಜೆ ಲೆಕ್ಕವೆಲ್ಲ ಮುಗಿಸಿ ಹೊರಟಾಗ ಭಾವ ನನ್ನನ್ನು ನರ್ಸರಿ ಚಪ್ಪರದ ಕಡೆ ಕರೆದರು. ಸಾಲು ಸಾಲಾಗಿ ಕರಿಮೆಣಸಿನ ಬಳ್ಳಿ, ಕಾಫಿ ಸಸಿ. ತಳಿ ಗುರುತಿಸಲು ಅಲ್ಲಲ್ಲಿ ನೆಟ್ಟಿದ್ದು ಆ ಕಪ್ಪು ಹಿಡಿದ ಬಿದಿರಿನ ಬ್ರಷ್ಷುಗಳು, ಎಳೆ ಕಿತ್ತು, ತಲೆಕೆಳಗಾಗಿ. ಅತ್ತೆಯ ಕೆಲಸ. ನಾನು ನಕ್ಕೆ.

"ಅದಲ್ಲ" ಅಂದರು ಭಾವ. "ಇದನ್ನು ನೋಡು."

ಒಂದೊಂದು ಸಸಿಯೂ ನಿಂತಿದ್ದು ಕಪ್ಪು ಪಾಲಿಥಿನ್ ಚೀಲದಲ್ಲಿ. ಸಾವಿರದ ಇನ್ನೂರು ಚೀಲ. ಮಳೆ ಹಿಡಿದಾಗ ಬ್ಲೇಡಿನಿಂದ ಸೀಳಿ ಸಸಿ ನೆಡುತ್ತಾರೆ, ಸೀಳಿದ ಚೀಲ ತೋಟದಲ್ಲೇ ಬೀಳುತ್ತದೆ, ಪ್ರತಿ ವರ್ಷ. ಮನೆಯೊಳಗಿನ ಹನ್ನೊಂದು ಸಾಮಾನಿನ ಲೆಕ್ಕ ಬರೆದ ನಮ್ಮ ನೋಟ್‌ಬುಕ್ಕಿನಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

ಸಸಿ ಬೆಳೆಸಲು ಗುಳಿಗಳಿರುವ, ಮರುಬಳಕೆಯ ರೂಟ್ ಟ್ರೇನರ್ ಟ್ರೇ ಸಿಗುತ್ತದೆ, ತೆಂಗಿನ ನಾರಿನ ಕುಂಡವೂ ಸಿಗುತ್ತದೆ. ಅಕ್ಕ ಅವತ್ತು ರಾತ್ರಿಯೇ ಕಿಟಕಿಯ ಹತ್ತಿರ ಹೋಗಿ ಎರಡನ್ನೂ ಕಾರ್ಟಿಗೆ ಹಾಕಿ, ಬೆಲೆಯ ಸ್ಕ್ರೀನ್‌ಶಾಟ್ ನನಗೆ ಕಳಿಸಿದಳು. ನಾರಿನ ಕುಂಡ ನಮ್ಮ ಮೂರು ತಿಂಗಳ ಮಳೆಯಲ್ಲಿ ಸಸಿ ನೆಡುವ ತನಕ ನಿಲ್ಲುತ್ತದೋ, ಅದಕ್ಕೂ ಮೊದಲೇ ಕರಗುತ್ತದೋ ಎಂದು ಕೇಳಲು ಒಂದು ನಕ್ಷತ್ರದ ವಿಮರ್ಶೆಗಳಲ್ಲಿ ಯಾರೂ ಸಿಗಲಿಲ್ಲವಂತೆ. ಹತ್ತು ಕುಂಡ ಮಾತ್ರ ತರಿಸಿ ಜೂನ್‌ನಲ್ಲಿ ಚಪ್ಪರದ ಹೊರಗೆ ಇಟ್ಟು ನೋಡುತ್ತಾಳಂತೆ. ಅದಕ್ಕೂ ಮೊದಲು ಒಂದು ಶುಕ್ರವಾರ ಇದೆ.